ದಪ್ಪ ಸದ್ದು

"ದಪ್ಪ ಜಾಸ್ತಿ ಆಯ್ತು! ದಪ್ಪಾನ ಹಿಂದಕ್ಕೆ ಕೂರ್ಸಿ, ಇಲ್ಲಾಂದ್ರೆ ಹೊರಗೆ ಕಳ್ಸಿ!"

ಪಕ್ಕದ ಕೋಣೆಯಿಂದ ಬಂದ ಆ ಗಂಡುದನಿಗೆ ಮೃದಂಗದ ಮೇಲಿದ್ದ ಆದಿಲಕ್ಷ್ಮಿಯ ಕೈ ನಿಂತುಹೋಯಿತು.

ಅವಳು ಮೈಕೈ ತುಂಬಿಕೊಂಡ ಹುಡುಗಿ. ಮಾಲೂರಿನಲ್ಲಿ ಅದನ್ನು ಆಡಿಕೊಳ್ಳದವರಿಲ್ಲ. ಆದರೆ ಮುಖವನ್ನೇ ನೋಡದವನೂ ಅನ್ನುವುದೇ...?

ಅದು ೧೯೩೮. ಗ್ರಾಮಫೋನ್ ತಟ್ಟೆಗೆ ಹಾಡು ಹಿಡಿಯುವವರು ರೈಲಿನಲ್ಲಿ ಬಂದು ಮಾಲೂರಿನ ಛತ್ರದಲ್ಲಿ ಯಂತ್ರ ಹೂಡಿದ್ದರು. ಚಿಕ್ಕಮ್ಮ ಅನಸೂಯಮ್ಮನ ಹಾಡು, ಆದಿಲಕ್ಷ್ಮಿಯ ಮೃದಂಗ. ಸೂಜಿ ಹಾಡನ್ನು ಕೊರೆಯುವ ಮೇಣದ ತಟ್ಟೆಗಳಲ್ಲಿ ಮೂರು ಆಗಲೇ ಕೆಟ್ಟಿದ್ದವು. ಉಳಿದದ್ದು ಒಂದೇ. ಅದಕ್ಕೆ ಹಾಡಷ್ಟೇ ಸಾಕು, ಮೃದಂಗ ಬೇಡ ಎಂದು ಕಂಪನಿಯವರು ಗೊಣಗುತ್ತಿದ್ದರು.

'ಹೆಣ್ಣು ಮೃದಂಗ ನುಡಿಸೋದಾ?' ಎಂದು ನಕ್ಕ ಊರಿಗೆ ಈ ತಟ್ಟೆಯೇ ನನ್ನ ಉತ್ತರ. ಬಿಡಲಾರೆ!

ಎದ್ದು ನಡುವಿನ ಪರದೆ ಸರಿಸಿದಳು.

"ಏನ್ರೀ, ನಾನು ದಪ್ಪ ಇದ್ರೆ ನಿಮ್ ಮಿಷನ್‌ಗೇನ್ ನೋವು? ಅದರ್ ಮೇಲೆ ಕೂತಿದ್ದೀನಾ?"

"ಸುಮ್ಕಿರು ಅಮ್ಮಣ್ಣಿ," ಚಿಕ್ಕಮ್ಮ ಸೆರಗು ಜಗ್ಗಿದರು.

ಯಂತ್ರದ ಮುಂದಿದ್ದವನು ಮುಳಬಾಗಿಲಿನ ಕದಿರೇಶ. ಅವಳನ್ನು ನೋಡಿದ. ತಾನು ಆಡಿದ್ದನ್ನು ನೆನೆದ. ಮುಖ ಬಿಳಿಚಿತು.

"ಅಯ್ಯೋ ರಾಮಾ! ದಪ್ಪ ಅಂದಿದ್ದು ಸದ್ದಿಗೆ ಕಣ್ರೀ... ನಿಮ್ ಎಡಗೈ ಸದ್ದಿಗೆ!"

ಭೂತಗನ್ನಡಿ ಕೊಟ್ಟ. ಕೆಟ್ಟ ತಟ್ಟೆಯ ಮೇಣದ ಮೇಲೆ ಕೂದಲಿನಂಥ ಗೆರೆಗಳು. ಎಡಗೈ ಪೆಟ್ಟು ಬಿದ್ದಲ್ಲೆಲ್ಲ ಸೂಜಿ ಅಗಲವಾಗಿ ಓಲಾಡಿ ಪಕ್ಕದ ಗೆರೆಯನ್ನೇ ಸೀಳಿತ್ತು.

"ಬರೀ ಬಲಗೈಲಿ ನುಡಿಸ್ತೀರಾ?"

"ನೀವು ಒಂದೇ ಕಾಲಲ್ಲಿ ನಡೀತೀರಾ?"

ಅವನು ನಕ್ಕ. ನಕ್ಕರೆ ಎಷ್ಟು ಚೆಂದ... ಛೀ, ಕೆಲಸ ನೋಡು!

ಎಡ ತೊಗಲಿಗೆ ಮೆತ್ತಿದ್ದ ರವೆ ಹಿಟ್ಟನ್ನು ಅವಳು ಉಗುರಿನಿಂದ ಕೆರೆದಳು. ಹಿಟ್ಟು ಇಳಿದಷ್ಟೂ ಸದ್ದು ತೆಳುವಾಗುತ್ತದೆ. ಅವನು ಆ ಪಕ್ಕಕ್ಕೆ ಕಂಬಳಿ ತೂಗುಹಾಕಿದ. ನುಡಿಸಿದಳು. ಮೇಣಕ್ಕೆ ತಾಗಿಸದೆ ಸೂಜಿಯ ಓಲಾಟವನ್ನಷ್ಟೇ ನೋಡಿ ಅವನು ಸಾಲದೆಂದು ತಲೆ ಅಲ್ಲಾಡಿಸಿದ. ಒಂದು ಹೆಜ್ಜೆ ಹಿಂದೆ ಸರಿದಳು, ಮತ್ತೆ ಕೆರೆದಳು. ಹೀಗೆ ಹನ್ನೊಂದು ಸಲ!

ಆಮೇಲೆ ಕೊನೆಯ ತಟ್ಟೆಗೆ ಹಾಡು, ಮೃದಂಗ ಎರಡನ್ನೂ ಹಿಡಿದರು. ಗೆರೆ ಸೀಳಲಿಲ್ಲ. ಆದರೆ ಮೇಣವನ್ನು ನುಡಿಸಿ ನೋಡುವಂತಿಲ್ಲ, ನುಡಿಸಿದರೆ ಕೆಟ್ಟಿತು. ಎಡಗೈ ಉಳಿಯಿತೋ, ಪೂರ್ತಿ ಅಳಿಸಿಹೋಯಿತೋ? ತಟ್ಟೆ ಅಚ್ಚಾಗಿ ಬಂದ ಮೇಲೇ ಗೊತ್ತು.

ನಾಲ್ಕು ತಿಂಗಳಾದ ಮೇಲೆ ತಟ್ಟೆ ಬಂತು. ತಂದವನು ಕದಿರೇಶನೇ! ಜೊತೆಗೆ ಒಂದು ಗ್ರಾಮಫೋನು.

ಅವನು ತಟ್ಟೆ ಹಾಕಿ ಸೂಜಿ ಇಳಿಸಿದ. ಚಿಕ್ಕಮ್ಮನ ದನಿ ಎದ್ದಿತು. ಅದರ ಕೆಳಗೆ... ಮೆಲ್ಲಗೆ, ದುಂಡಗೆ, ಒಂದೂ ತಪ್ಪದೆ, ಎಡಗೈ!

ಬಾಗಿಲಲ್ಲಿ ನೆರೆದಿದ್ದ ಊರವರು ಯಾರೂ ನಗಲಿಲ್ಲ. ಅವಳ ಕಣ್ಣು ತುಂಬಿತು.

"ಅಂಚೆಲಿ ಕಳ್ಸಬಹುದಿತ್ತಲ್ವಾ?" ಎಲ್ಲರೂ ಹೋದ ಮೇಲೆ ಕೇಳಿದಳು.

"ಒಡೆದೋಗುತ್ತೆ ಅಂತ..." ಅವನು ತಲೆ ತಗ್ಗಿಸಿದ. "ಸುಳ್ಳು. ನಿಮ್ಮನ್ನ ನೋಡ್ದೆ ಇರೋಕಾಗ್ಲಿಲ್ಲ. ನನ್ನ ಮದ್ವೆ ಆಗ್ತೀರಾ?"

"ಮದ್ವೆ ಆದ್ಮೇಲೂ ಮೃದಂಗ ಬಿಡಲ್ಲ ನಾನು."

"ಬಿಡ್ಬೇಡಿ. ನಾನು ಪಕ್ಕದಲ್ಲೇ ಕೂತು ಕೇಳ್ತೀನಿ."

"ಹಂಗಾದ್ರೆ," ಅವಳು ಕಣ್ಣೊರೆಸಿಕೊಂಡು ನಕ್ಕಳು, "ಹೋಗಿ, ಚಿಕ್ಕಮ್ಮನ್ನ ಕೇಳಿ... ಬೇಗ ಕೇಳಿ!"