ಅಂಚು ಹೊಲಿದ ಬಟ್ಟೆ

ದೂರು ಬಂದದ್ದು ಬೆಳಿಗ್ಗೆ ಎಂಟೂವರೆಗೆ. ದೂರುದಾರ ತರಕಾರಿ ಬೆಳೆಯುವವನು. ಮಣ್ಣು ಮೆತ್ತಿದ ಕಾಲಲ್ಲೇ ಠಾಣೆಯೊಳಗೆ ಬಂದು, ತನ್ನ ಎಲೆಕೋಸಿನ ಹೊಲದಲ್ಲಿ ವಿಮಾನ ಬಿದ್ದಿದೆ ಎಂದ. ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟು, ಬಾಯಿ ವಾಸನೆ ಬರುತ್ತದೆಯೇನೋ ಎಂದು ಸ್ವಲ್ಪ ಮುಂದಕ್ಕೆ ಬಾಗಿದ.

"ಕುಡಿದಿಲ್ಲ ಸರ್. ಬಂದು ನೋಡಿ. ಸಣ್ಣದು. ಒಳಗಿದ್ದವನನ್ನ ನಾವೇ ಎಳೆದು ಆಂಬುಲೆನ್ಸಿಗೆ ಹಾಕಿದ್ವಿ."

"ಜೀವ ಇದೆಯಾ?"

"ಇದೆ. ನನ್ನ ಕೋಸಿಗೆ ಯಾರು ಜವಾಬ್ದಾರಿ, ಅದು ಹೇಳಿ."

ಇನ್‌ಸ್ಪೆಕ್ಟರ್ ಹಿಂದಿನ ವಾರವಿಡೀ ಬಂದೋಬಸ್ತಿನಲ್ಲಿ ನಿಂತು ಕಾಲು ಊದಿಸಿಕೊಂಡಿದ್ದ. ಅವತ್ತಿನಿಂದ ಅವನಿಗೆ ರಜೆ ಮಂಜೂರಾಗಿತ್ತು. ದೂರನ್ನು ಓದಿ, ರಜೆಯ ಮಾತನ್ನು ಯಾರೊಂದಿಗೂ ಎತ್ತದೆ ಜೀಪು ಹತ್ತಿದ. ಆಮೇಲೆ ದಾಖಲಾದ ಎಫ್‌ಐಆರ್‌ನಲ್ಲಿ ವಿಮಾನ ಹಾರಿಸಿದವನೇ ಆರೋಪಿ; ನಿರ್ಲಕ್ಷ್ಯ ಮತ್ತು ಬೆಳೆ ಹಾನಿ.

ವಿಮಾನ ಮೂಗು ಊರಿ ಬಿದ್ದಿತ್ತು. ಒಬ್ಬನೇ ಕೂರುವಂಥದ್ದು, ಮನೆಯ ಹಿಂದಿನ ಶೆಡ್ಡಿನಲ್ಲಿ ಕೈಯಾರೆ ಕಟ್ಟಿದ್ದು. ಕಟ್ಟಿದವನು ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಪಕ್ಕದ ಹಳೆಯ ರನ್‌ವೇಯಲ್ಲಿ ಆಗಾಗ ಇಂಜಿನ್ ಓಡಿಸಿ ನೋಡುತ್ತಿದ್ದನೆಂದು ಅಲ್ಲಿಯ ಕಾವಲುಗಾರ ಹೇಳಿದ. ಇಂಜಿನ್ನಿನಿಂದ ಇನ್ನೂ ಹಬೆ ಏಳುತ್ತಿತ್ತು. ಒಡೆದ ನೀರಿನ ಕೊಳವೆ, ಕೋಸಿನ ಎಲೆಗಳ ಮೇಲೆಲ್ಲ ಕಪ್ಪು ಎಣ್ಣೆ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ ಸರ್," ಎಂದ ಹೆಡ್ ಕಾನ್‌ಸ್ಟೇಬಲ್. "ಈ ಮನುಷ್ಯ ಎರಡೂ ಬಿಟ್ಟು ವಿಮಾನ ಕಟ್ಟಿದ್ದಾನೆ."

ಇನ್‌ಸ್ಪೆಕ್ಟರ್‌ಗೆ ನಗು ಬರಲಿಲ್ಲ. ಕಾವಲಿಗೆ ಇಬ್ಬರನ್ನು ನಿಲ್ಲಿಸಿ, ವಿಮಾನಯಾನ ಇಲಾಖೆಗೆ ಸುದ್ದಿ ಮುಟ್ಟಿಸಿ, ಆಸ್ಪತ್ರೆಗೆ ಹೋದ.

ಕನ್ನಡಕದವನ ಎರಡೂ ಕಾಲು ಮುರಿದಿದ್ದವು, ಬೆನ್ನಿಗೆ ಪೆಟ್ಟಾಗಿತ್ತು. ಮತ್ತೆ ನಡೆದಾಡುತ್ತಾನೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರ್. ಅವನಿಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ.

"ಸರ್, ಇಂಜಿನ್ ಬಿಸಿ ಯಾಕಾಯ್ತು? ನನ್ನ ತಪ್ಪು ಎಲ್ಲಿ, ಅದೊಂದು ಗೊತ್ತಾಗ್ಬೇಕು."

"ಹಾರೋಕೆ ಅಂತಲೇ ಹೋಗಿದ್ರಾ?"

"ಇಲ್ಲ. ನೆಲದ ಮೇಲೆ ಓಡಿಸಿ ವಾಪಸ್ ಬರ್ತೀನಿ ಅಂತ ಅಕ್ಕನಿಗೆ ಹೇಳಿ ಹೋದೆ. ಪ್ರತಿ ಸಲ ಸ್ವಲ್ಪ ಹೊತ್ತಿಗೇ ಬಿಸಿ ತೋರಿಸೋ ಮುಳ್ಳು ಕೆಂಪಿಗೆ ಹೋಗ್ತಿತ್ತು. ಇವತ್ತು ಹೋಗಲೇ ಇಲ್ಲ. ಚಳಿ ಇತ್ತು, ಅದಕ್ಕೇ ಹೀಗೆ ಅಂತ ಹೊಳೀಲಿಲ್ಲ. ಕೊನೆಗೂ ಸರಿಹೋಯ್ತು ಅಂದ್ಕೊಂಡೆ. ಆಸೆ ಆಯ್ತು ಸರ್. ನೆಲ ಬಿಟ್ಟು ಎದ್ದುಬಿಟ್ಟೆ. ಮೇಲೇರ್ತಿದ್ದ ಹಾಗೇ ಇಂಜಿನ್ ಕಾದು ನಿಂತುಹೋಯ್ತು."

ಅವನು ಬಿಟ್ಟು ಬಿಟ್ಟು ಹೇಳಿದ ಕತೆ ಇಷ್ಟು. ಇಂಜಿನ್ ತಣ್ಣಗಿರಲು ಎರಡು ಜಾಲರಿ ಪೆಟ್ಟಿಗೆ ಬೇಕು: ನೀರಿಗೆ ರೇಡಿಯೇಟರ್, ಎಣ್ಣೆಗೆ ಆಯಿಲ್ ಕೂಲರ್. ಮೊದಲು ಎರಡನ್ನೂ ಮೂಗಿನ ಹತ್ತಿರ ಕೂರಿಸಿದ್ದ, ಬಿಸಿಯಾಯಿತು. ಬಿಚ್ಚಿ ಇಂಜಿನ್ ಹಿಂದಿನ ಗೋಡೆಗೆ ಕೂರಿಸಿದ, ಬಿಸಿಯಾಯಿತು. ಪಕ್ಕಕ್ಕೆ ಒಯ್ದ, ಅಲ್ಲೂ ಅದೇ ಹಣೆಬರಹ. ಕೊನೆಗೆ ಹೊಟ್ಟೆಯಡಿ ಗಾಳಿಯ ಸುರಂಗವೊಂದನ್ನು ಮಾಡಿ ಅದರೊಳಗೆ ಇಟ್ಟ. ಪ್ರತಿ ಸಲವೂ ಹೊಸ ತಗಡು, ಹೊಸ ಕೊಳವೆ, ಹೊಸ ಬ್ರಾಕೆಟ್ಟು, ತಿಂಗಳುಗಟ್ಟಲೆ ಕೆಲಸ. ಈ ನಡುವೆ ಅವನ ಕೂದಲು ಬೆಳ್ಳಗಾಗಿತ್ತು.

"ನನ್ನ ಕೈಲಿ ಆಗಲ್ಲ ಅಂತ ಕಾಣತ್ತೆ. ಗುಜರಿಗೆ ಹಾಕಿಬಿಡಿ," ಎಂದು ಕಣ್ಣು ಮುಚ್ಚಿಕೊಂಡ.

ಮರುದಿನ ಇಲಾಖೆಯ ತಾಂತ್ರಿಕ ಅಧಿಕಾರಿ ಬಂದಳು. ಯಾರೊಂದಿಗೂ ಹೆಚ್ಚು ಮಾತಾಡದೆ ಬಹಳ ಹೊತ್ತು ವಿಮಾನದ ಕೆಳಗೆ ಮಲಗಿದ್ದು, ಮೈತುಂಬ ಮಣ್ಣು ಮಾಡಿಕೊಂಡು ಎದ್ದಳು.

"ಗಾಳಿ ಮಹಾ ಸೋಮಾರಿ ಇನ್‌ಸ್ಪೆಕ್ಟರೇ. ಪಕ್ಕದಲ್ಲಿ ಸಂದಿ ಸಿಕ್ಕರೆ ಜಾಲರಿ ಒಳಗೆ ನುಗ್ಗಲ್ಲ, ಸಂದಿಯಲ್ಲೇ ಜಾರಿಕೊಳ್ಳತ್ತೆ. ಮನೇಲಿ ಕಟ್ಟೋರು ಸಾಮಾನ್ಯವಾಗಿ ಎಡವೋದು ಅಲ್ಲೇ. ಇವರು ಕೂದಲು ತೂರದ ಹಾಗೆ ಮುಚ್ಚಿದ್ದಾರೆ. ಇಂಜಿನ್ ನಡುಕ ತಾಗದಿರಲಿ ಅಂತ ರಬ್ಬರ್ ಮೇಲೆ ಕೂರಿಸಿದ್ದಾರೆ. ಕೆಲಸ ಚೊಕ್ಕವಾಗಿದೆ."

"ಮತ್ತೆ ಬಿಸಿ ಯಾಕಾಯ್ತು?"

"ಪಂಚರನ್ನ ಕರೀರಿ. ತೋರಿಸ್ತೀನಿ."

ಸಾಕ್ಷಿಗೆಂದು ಕರೆಸಿದ ಪಂಚರಿಬ್ಬರ ಎದುರು ಅವಳು ಸುರಂಗದ ಹಿಂಬಾಯಿಯಿಂದ ಮೊಣಕೈವರೆಗೆ ಕೈ ತೂರಿಸಿ ಒಂದು ಬಟ್ಟೆಯನ್ನು ಎಳೆದಳು. ಬೂದು ಬಣ್ಣದ ದಪ್ಪ ಬಟ್ಟೆ. ರೇಡಿಯೇಟರಿನ ಬೆನ್ನನ್ನು ಅರ್ಧಕ್ಕೂ ಹೆಚ್ಚು ಮುಚ್ಚುವಷ್ಟು. ಒಂದು ಮಗ್ಗುಲು ಸುಟ್ಟು ಕಂದಿತ್ತು. ಎರಡು ಮೂಲೆಗೆ ಸಣ್ಣ ಕೊಕ್ಕೆ, ಹೊರಗಿನಿಂದ ಎಳೆದು ತೆಗೆಯಲು ಒಂದು ಲಾಡಿ.

"ಚಳಿಗಾಲದಲ್ಲಿ ಎಣ್ಣೆ ಬೇಗ ಕಾಯಲಿ ಅಂತ ಕೂಲರ್ ಮುಖಕ್ಕೆ ತಗಡು ಮುಚ್ಚೋರು ಇದ್ದಾರೆ," ಎಂದಳು ಅಧಿಕಾರಿ. "ಆದರೆ ಮುಂದಿನಿಂದ, ಕಣ್ಣಿಗೆ ಕಾಣೋ ಹಾಗೆ. ಇದು ಹಿಂದಿನಿಂದ ಬಂದಿದೆ. ನೆಲದ ಮೇಲೆ, ಅದೂ ಚಳಿಯಲ್ಲಿ, ಹೇಗೋ ನಡೆಯತ್ತೆ. ಪೂರ್ತಿ ಶಕ್ತಿ ಕೊಟ್ಟು ಮೇಲೇರಿದರೆ ನಡೆಯಲ್ಲ."

ಹೆಡ್ ಕಾನ್‌ಸ್ಟೇಬಲ್ ಪಂಚನಾಮೆ ಬರೆಯುತ್ತ ಬಟ್ಟೆಯನ್ನು ತಿರುಗಿಸಿ ನೋಡಿದ. ನಾಲ್ಕೂ ಅಂಚನ್ನು ಒಳಕ್ಕೆ ಮಡಚಿ ಕೈಯಲ್ಲಿ ಹೊಲಿಯಲಾಗಿತ್ತು. ಒತ್ತೊತ್ತಾದ, ಸಮನಾದ ಹೊಲಿಗೆ.

"ಕೊಲ್ಲೋಕೆ ಬಂದವನು ಅಂಚು ಹೊಲಿದು ತರ್ತಾನಾ ಸರ್?"

ಇನ್‌ಸ್ಪೆಕ್ಟರ್ ಬಟ್ಟೆಯನ್ನು ಜಪ್ತಿ ಮಾಡಿ ಸೀಲು ಹಾಕಿಸಿದ. ಆರೋಪಿಯಾಗಿದ್ದ ಕನ್ನಡಕದವನು ಅಂದು ಸಂಜೆಯ ಹೊತ್ತಿಗೆ ಕಡತದಲ್ಲಿ ಸಂತ್ರಸ್ತನಾದ.

ಮೊದಲ ಅನುಮಾನ ಪಕ್ಕದ ಮನೆಯವನ ಮೇಲೆ. ಇಂಜಿನ್ ಸದ್ದಿನ ಬಗ್ಗೆ ಅವನು ಇದೇ ಠಾಣೆಗೆ ಹಲವು ಅರ್ಜಿ ಕೊಟ್ಟಿದ್ದ.

"ಕೊಟ್ಟಿದ್ದೀನಿ, ಇನ್ನೂ ಕೊಡ್ತೀನಿ," ಎಂದ ಅವನು. "ಮಧ್ಯಾಹ್ನ ಮಲಗೋ ಹಾಗಿಲ್ಲ. ಆದರೆ ಅದರೊಳಗೆ ಎಲ್ಲಿ ಏನು ತುರುಕಬೇಕು ಅಂತ ಗೊತ್ತಿದ್ದಿದ್ರೆ ನಿಮಗೆ ಅರ್ಜಿ ಯಾಕೆ ಬರೀತಿದ್ದೆ?"

"ಶೆಡ್ಡಿಗೆ ಯಾರ್ಯಾರು ಹೋಗ್ತಾರೆ?"

"ಅವನು ಹೋಗ್ತಾನೆ. ಅವರಕ್ಕ ಹೋಗ್ತಾಳೆ. ಮೂರನೆಯವರನ್ನ ನಾನು ಕಂಡಿಲ್ಲ."

ಘಟನೆಯ ಹಿಂದಿನ ದಿನ ಅವನು ಮಗಳ ಊರಿನಲ್ಲಿದ್ದ. ವಿಚಾರಿಸಿದಾಗ ಅದು ನಿಜವೆಂದು ತಿಳಿಯಿತು. ಇನ್‌ಸ್ಪೆಕ್ಟರ್‌ಗೆ ಬೇಸರವಾಯಿತು. ಆ ಮನುಷ್ಯನೇ ಮಾಡಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು.

ಅಕ್ಕ ತಮ್ಮ ಇಬ್ಬರೇ ಇದ್ದ ಮನೆಯ ಮುಂದಿನ ಕೋಣೆಯೇ ಅಕ್ಕನ ಹೊಲಿಗೆ ಕೋಣೆ. ಗೋಡೆಗುಂಟ ತಂತಿಯಲ್ಲಿ ತೋಳಿಲ್ಲದ ಅಂಗಿಗಳು, ಕಿಟಕಿಯ ಬಳಿ ಹೊಲಿಗೆ ಯಂತ್ರ. ತಮ್ಮನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ತಾಯಿ ತೀರಿಕೊಂಡಾಗ ಅವನನ್ನು ಎತ್ತಿ ಬೆಳೆಸಿದವಳು. ಆಸ್ಪತ್ರೆಗೆ ಒಯ್ಯಲು ಬುತ್ತಿ ಕಟ್ಟುತ್ತಿದ್ದಳು. ಯಂತ್ರಕ್ಕೆ ಧೂಳು ಕೂರದಿರಲೆಂದು ಹೊದಿಸಿದ್ದ ಬಟ್ಟೆಯೂ ಬೂದು ಬಣ್ಣದ್ದೇ. ಇನ್‌ಸ್ಪೆಕ್ಟರ್ ಅದರ ಅಂಚು ಹಿಡಿದು ನೋಡಿದ. ಜೊತೆಗಿದ್ದ ಮಹಿಳಾ ಕಾನ್‌ಸ್ಟೇಬಲ್ ಕೂಡ ನೋಡಿದಳು. ಅದೇ ಒತ್ತೊತ್ತಾದ, ಸಮನಾದ ಕೈಹೊಲಿಗೆ.

"ಶೆಡ್ಡಿನ ಬೀಗದ ಕೈ ಎಷ್ಟು ಅಮ್ಮಾ?"

"ಎರಡು. ಒಂದು ಅವನ ಹತ್ತಿರ. ಇನ್ನೊಂದು ಅಡುಗೆಮನೆ ಮೊಳೆಗೆ."

"ನಿಮಗೆ ಆ ಕೆಲಸ ಗೊತ್ತಾ?"

"ತಗಡಿಗೆ ರಿವೆಟ್ ಮೊಳೆ ಹೊಡೆಯುವಾಗ ಆಚೆ ಕಡೆ ಒತ್ತಿ ಹಿಡಿಯೋಳು ನಾನೇ. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಅದು."

"ಈ ಅಂಚು ಯಾಕೆ ಹೊಲಿದ್ರಿ?"

ಅವಳು ಬುತ್ತಿಯ ಮುಚ್ಚಳವನ್ನು ಒತ್ತಿ ಮುಚ್ಚಿದಳು. ಕೇಳಿದ್ದು ಯಂತ್ರದ ಹೊದಿಕೆಯ ಬಗ್ಗೆ ಅಲ್ಲವೆಂದು ಅವಳಿಗೆ ತಿಳಿದಿತ್ತು.

"ನೂಲು ಎದ್ದು ಇಂಜಿನ್ ಒಳಗೆ ಹೋದ್ರೆ ಹಾಳಾಗತ್ತಲ್ಲ ಸರ್."

ಮಹಿಳಾ ಕಾನ್‌ಸ್ಟೇಬಲ್ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. ಕೂತ ಮೇಲೆ ಅವಳು ತಡವರಿಸಲಿಲ್ಲ. ಬಹಳ ದಿನದಿಂದ ಹೇಳಲು ಯಾರಾದರೂ ಸಿಗಲೆಂದು ಕಾದವಳಂತೆ ಹೇಳಿದಳು.

"ಹಾರಿದ್ರೆ ಬೀಳ್ತಾನೆ ಅಂತ ಮೊದಲನೇ ಸಲ ಹೆದರಿಕೆಗೆ ಇಟ್ಟೆ. ಹೆದರಿಕೆ ಸುಳ್ಳಲ್ಲ. ಆದರೆ ಬಿಸಿಯಾದ ದಿನ ಅವನು ಎಲ್ಲ ಬಿಚ್ಚಿ ಹರಡ್ಕೊಂಡು ಕೂತ. ಅಕ್ಕಾ, ಇಲ್ಲಿ ಹಿಡ್ಕೋ. ಅಕ್ಕಾ, ಇದು ಯಾಕೆ ಹೀಗಾಗಿರಬಹುದು ಹೇಳು. ಅಂಗಡಿಯಿಂದ ಬಂದ್ರೆ ಮೊದಲೆಲ್ಲ ಗೋಡೆ ನೋಡ್ಕೊಂಡು ಉಣ್ತಿದ್ದವನು ಸರ್. ವಿಮಾನ ಮುಗಿದಿದ್ರೆ ಅವನು ಮೇಲೆ, ನಾನು ಕೆಳಗೆ. ಮುಗೀದೆ ಇರೋವರೆಗೆ ಇಬ್ಬರೂ ಒಂದೇ ಕಡೆ."

"ಪ್ರತಿ ಸಲವೂ ನೀವೇ?"

"ಪ್ರತಿ ಸಲ. ಪರೀಕ್ಷೆ ಹಿಂದಿನ ದಿನ ಇಡ್ತಿದ್ದೆ, ಅವನು ಬಿಚ್ಚೋಕೆ ಮೊದಲು ಎಳ್ಕೊಳ್ತಿದ್ದೆ. ಈ ಸಲವೂ ಬಿಸಿಯಾಗತ್ತೆ, ಬೈಕೊಂಡು ವಾಪಸ್ ಬರ್ತಾನೆ ಅಂತ ತಿಂಡಿ ಮಾಡಿಟ್ಟಿದ್ದೆ."

ಮಧ್ಯಾಹ್ನ ಎರಡು ಗಂಟೆಗೆ ಅವಳನ್ನು ಬಂಧಿಸಲಾಯಿತು. ಇನ್ನೊಬ್ಬರ ಪ್ರಾಣಕ್ಕೆ ಅಪಾಯ ತಂದ ಆರೋಪ. ಬುತ್ತಿಯನ್ನು ಆಸ್ಪತ್ರೆಗೆ ಮುಟ್ಟಿಸುತ್ತೀರಾ ಎಂದು ಕೇಳಿದಳು. ತನ್ನ ತಂದೆ ಇನ್ನೂ ಬದುಕಿರುವಾಗ ಸ್ವಂತ ಅಕ್ಕನೊಂದಿಗೆ ಆಸ್ತಿಗಾಗಿ ಜಗಳವಾಡಿದ್ದ ಹೆಡ್ ಕಾನ್‌ಸ್ಟೇಬಲ್, ಬಾಗಿಲಿನಿಂದ ಒಳಬಂದು ಯಾರೂ ಹೇಳದೆಯೇ ಅದನ್ನು ಎತ್ತಿಕೊಂಡ.

ಸುದ್ದಿ ತಿಳಿಸಬೇಕಾದದ್ದು ಇನ್‌ಸ್ಪೆಕ್ಟರೇ. ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ಮನೆಗಳಿಗೆ ಕೆಟ್ಟ ಸುದ್ದಿ ಒಯ್ದಿದ್ದ. ಆದರೆ ಇಂಥದ್ದನ್ನು ಹೇಗೆ ಶುರುಮಾಡುವುದೆಂದು ತಿಳಿಯದೆ ವಾರ್ಡಿನ ಹೊರಗೆ ಸ್ವಲ್ಪ ಹೊತ್ತು ನಿಂತ. ಒಳಗೆ ಹೋಗಿ ನೇರವಾಗಿಯೇ ಹೇಳಿದ. ರೇಡಿಯೇಟರ್ ಹಿಂದೆ ಬಟ್ಟೆ ಇತ್ತು. ಇಟ್ಟಿದ್ದು ನಿಮ್ಮಕ್ಕ. ಒಪ್ಪಿಕೊಂಡಿದ್ದಾರೆ.

ಕನ್ನಡಕದವನು ಬುತ್ತಿಯನ್ನೇ ನೋಡುತ್ತಿದ್ದ. ಅದರಿಂದ ಕಣ್ಣು ತೆಗೆಯದೆ ಕೇಳಿದ:

"ಹಾಗಾದ್ರೆ ಹೊಟ್ಟೆ ಕೆಳಗೆ ಕೂರಿಸಿದ್ದು ಸರಿ ಇತ್ತಾ?"

"ಚೊಕ್ಕವಾಗಿದೆ ಅಂದ್ರು ಇಲಾಖೆಯವರು."

"ಸರಿ ಇತ್ತು," ಎಂದು ತನಗೆ ತಾನೇ ಹೇಳಿಕೊಂಡ. ಅವನ ಮುಖ ಅರಳಿತು. "ಮೂರು ಸಲ ತಪ್ಪಿದ ಮೇಲಾದ್ರೂ ಸರಿ ಮಾಡಿದೆ ಸರ್." ಆ ಸಂತೋಷವನ್ನು ನೋಡಲಾಗದೆ ಇನ್‌ಸ್ಪೆಕ್ಟರ್ ಎದ್ದ. ಬಾಗಿಲು ದಾಟುವಾಗ ಹಿಂದೆ ಅಳು ಕೇಳಿಸಿತು.

ಠಾಣೆಗೆ ಮರಳಿದಾಗ ಅಕ್ಕ ಮಹಿಳಾ ಕಾನ್‌ಸ್ಟೇಬಲ್ ಪಕ್ಕದ ಬೆಂಚಿನಲ್ಲಿ ಕೂತಿದ್ದಳು.

"ಏನಂದ ಸರ್?"

"ನಾಲ್ಕನೆಯದು ಸರಿ ಇತ್ತಾ ಅಂತ ಕೇಳಿದ್ರು. ಇತ್ತು ಅಂದೆ. ಖುಷಿಪಟ್ರು."

ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಮೊದಲನೇದೇ ಸರಿ ಇತ್ತು ಸರ್. ಅದು ಮಾತ್ರ ಅವನಿಗೆ ಹೇಳ್ಬೇಡಿ."

ಅವಳ ಹೇಳಿಕೆಯಲ್ಲಿ ಅದು ಆಗಲೇ ದಾಖಲಾಗಿತ್ತು. ದೋಷಾರೋಪ ಪಟ್ಟಿಯಲ್ಲಿ ಬರುತ್ತದೆ, ನ್ಯಾಯಾಲಯದಲ್ಲಿ ತಮ್ಮನ ಎದುರೇ ಓದಲಾಗುತ್ತದೆ. ಇನ್‌ಸ್ಪೆಕ್ಟರ್ ಅವಳಿಗೆ ಕುಡಿಯಲು ನೀರು ಕೊಡುವಂತೆ ಹೇಳಿ ಒಳಗೆ ಹೋದ.