ಲೂಚಿಯಕ್ಕನ ಕಾಗದ

"ಓದು ಪುಟ್ಟಿ, ಏನ್ ಬರ್ದವ್ಳೆ ನಮ್ಮಕ್ಕ?" ಎಂದು ಶಿವರಾಮಯ್ಯ ತಾತ ಜಗಲಿಯ ಮೇಲೆ ಮುಂದಕ್ಕೆ ಸರಿದು ಕೂತರು.

ಸರ್ವಮಂಗಳ ಕಾಗದವನ್ನು ಮೇಲೆ ಕೆಳಗೆ ನೋಡಿದಳು. ಅಕ್ಷರಗಳು ಒಂದರ ಕೈ ಒಂದು ಹಿಡಿದುಕೊಂಡು ಓಡುತ್ತಿದ್ದವು. ಒಂದು ಕಡೆ 'ಮಮ್ಮಾ' ಸಿಕ್ಕಿತು, ಇನ್ನೊಂದು ಕಡೆ 'ಕಾಸಾ'. ಅಮ್ಮ, ಮನೆ. ಉಳಿದದ್ದೆಲ್ಲ ಮರೆತೇ ಹೋಗಿತ್ತು.

"ಸುಮ್ನೆ ಅಕ್ಷರ ಕೂಡ್ಸಿ ಓದು, ಸಾಕು. ನಂಗೆ ತಿಳೀತದೆ."

ಕೂಡಿಸುವುದಕ್ಕೂ ಬರುತ್ತಿರಲಿಲ್ಲ. ಹಾಗೆಂದು ಹೇಳಲು ನಾಚಿಕೆ. "ಬೇಡ ತಾತ, ನಾನು ಅರ್ಥಾನೇ ಹೇಳ್ಬಿಡ್ತೀನಿ" ಎಂದುಬಿಟ್ಟಳು.

"ಅರ್ಥಾನೇ! ಭೇಷ್ ಕಣೇ!" ತಾತನ ಮುಖ ಅರಳಿತು.

ಗುಬ್ಬಿಯ ಆ ಬೀದಿಯವರಿಗೆಲ್ಲ ಅವರು ಮಿಲಿಟ್ರಿ ತಾತ. ಮೂವತ್ತೈದು ವರ್ಷದ ಹಿಂದೆ, ದೊಡ್ಡ ಯುದ್ಧದಲ್ಲಿ ಸೆರೆ ಸಿಕ್ಕಿ ಇಟಲಿ ದೇಶಕ್ಕೆ ಹೋಗಿದ್ದರು. ಅಲ್ಲಿ ತಪ್ಪಿಸಿಕೊಂಡು ಓಡಿ ಬಂದವರನ್ನು ಲೂಚಿಯ ಎಂಬ ರೈತ ಹೆಂಗಸು ಒಂದು ಚಳಿಗಾಲ ಪೂರ್ತಿ ತನ್ನ ದನದ ಕೊಟ್ಟಿಗೆಯಲ್ಲಿ ಬಚ್ಚಿಟ್ಟು ಅನ್ನ ಹಾಕಿದಳು. ತಾತನಿಗೆ ಆಕೆ ಲೂಚಿಯಕ್ಕ. ಊರಿಗೆ ಬಂದ ಮೇಲೂ ವರ್ಷಕ್ಕೊಂದು ಕಾಗದ ತಪ್ಪುತ್ತಿರಲಿಲ್ಲ.

ಈಗ ತಾತನ ಎರಡೂ ಕಣ್ಣಿಗೆ ಪೊರೆ. ಪೊರೆ ಇನ್ನೂ ಬಲಿಯಬೇಕು, ಆಮೇಲೆ ಆಪರೇಷನ್ ಎಂದು ತುಮಕೂರಿನ ಡಾಕ್ಟರು ವಾಪಸ್ ಕಳಿಸಿದ್ದರು. ಗುಬ್ಬಿಯಲ್ಲಿ ಇಟಲಿಯ ಕಾಗದ ಓದುವವರು ಇನ್ಯಾರಿದ್ದಾರೆ? ಪಕ್ಕದ ಮನೆಯ ಸರ್ವಮಂಗಳಳಿಗೆ ಐದನೇ ಕ್ಲಾಸಿನಲ್ಲಿ ಆಗ ತಾನೇ ಎ ಬಿ ಸಿ ಡಿ ಬಂದಿತ್ತು. ತಾತ ಅವಳನ್ನೇ ಹಿಡಿದುಕೊಂಡರು.

"ಪುಸ್ತಕ ಬ್ಯಾಡ. ಅಡುಗೆಮನೇಲಿ ಶುರು ಮಾಡು" ಎಂದಿದ್ದರು. "ನಾನೂ ಹಂಗೇ ಕಲ್ತಿದ್ದು. ಹೊಟ್ಟೆ ಹಸ್ದಾಗ ಕೇಳಿದ ಮಾತು ಮರ್ಯಾಕಿಲ್ಲ. ನೀರು ಆಕ್ವಾ, ಉಪ್ಪು ಸಾಲೆ, ರೊಟ್ಟಿ ಪಾನೆ. ನೋಡು, ನಮ್ಮ ಮಾತಿನಂಗೇ ಬಾಯಿ ತೆರ್ದೇ ಮುಗೀತದೆ."

ದಿನಕ್ಕೆ ಐದೇ ಪದ. ಸರ್ವಮಂಗಳ ತಾತನ ಉಪ್ಪಿನ ಜಾಡಿ, ಹಾಲಿನ ಪಾತ್ರೆಗಳ ಮೇಲೆಲ್ಲ ಬಳಪದಲ್ಲಿ ಹೆಸರು ಬರೆದಳು. ಎರಡು ತಿಂಗಳಲ್ಲಿ ಹಳೇ ಕಾಗದದ ನಾಲ್ಕು ಸಾಲನ್ನು ಕೂಡಿಸಿ ಓದಿದಳು. ಅವತ್ತು ತಾತ ಇಡೀ ಬೀದಿಗೆ ಡಂಗುರ ಹೊಡೆದಿದ್ದರು.

ಆ ಡಂಗುರವೇ ಎಡವಟ್ಟಾಯಿತು. ಕುಂಟೆಬಿಲ್ಲೆ ಆಡುವಾಗ ಗೆಳತಿ ರಂಗಲಕ್ಷ್ಮಿ ಕಿಸಕ್ಕೆಂದು ನಕ್ಕಳು. "ಆಕ್ವಾ ಮೇಡಂ ಬಂದ್ರು ದಾರಿ ಬಿಡ್ರೇ! ಅಲ್ಲ ಕಣೇ, ಅದು ಯಾವ ಎಕ್ಸಾಮಿಗೆ ಬರುತ್ತೆ?"

ಮರುದಿನದಿಂದ ಸರ್ವಮಂಗಳ "ಹೋಂವರ್ಕ್ ಇದೆ ತಾತ" ಎನ್ನತೊಡಗಿದಳು. ತಾತ ದಿನವೂ ಜಗಲಿಯ ಮೇಲೆ ಸ್ಲೇಟು ಇಟ್ಟುಕೊಂಡು ಕಾಯುತ್ತಿದ್ದರು. ಹಾಗೆ ಮೂರು ತಿಂಗಳು ಕಳೆದ ಮೇಲೆ ಇವತ್ತು ಈ ಕಾಗದ ಬಂದಿತ್ತು.

"ಹೇಳು ಪುಟ್ಟಿ."

"ಎಲ್ಲಾ ಚೆನ್ನಾಗಿದೀವಿ ಅಂತ ಬರ್ದಿದಾರೆ. ದ್ರಾಕ್ಷಿ ಚೆನ್ನಾಗಿ ಬಂದಿದ್ಯಂತೆ. ಹಸು ಕರು ಹಾಕಿದ್ಯಂತೆ." ಸುಳ್ಳು ಸಲೀಸಾಗಿ ಬಂತು. ಕವರಿನೊಳಗೆ ಒಂದು ಪುಟ್ಟ ಫೋಟೋ ಕೂಡ ಇತ್ತು. "ಫೋಟೋನೂ ಕಳ್ಸಿದಾರೆ!"

ತಾತ ಅದನ್ನು ಮೂಗಿನ ಹತ್ತಿರ ಹಿಡಿದರು. "ಬರೀ ಮಂಜು. ನಗ್ತಾವ್ಳಾ?"

"ಹೂಂ ತಾತ, ನಗ್ತಿದಾರೆ." ಅದೊಂದು ಮಾತ್ರ ನಿಜ.

ತಾತ ಫೋಟೋಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಹೋಗಿ ಬರುವವರಿಗೆಲ್ಲ "ನಮ್ಮಕ್ಕ. ಈ ವಯಸ್ನಲ್ಲೂ ಹೆಂಗ್ ನಗ್ತಾವ್ಳೆ ನೋಡ್ರಿ" ಎನ್ನುತ್ತಿದ್ದರು. ಅವಳಿಗೆ ಕಳಿಸಲು ಒಳ್ಳೊಳ್ಳೆಯ ಕೊಬ್ಬರಿ ಗಿಟುಕುಗಳನ್ನು ಕೈಯಲ್ಲಿ ಸವರಿ ಸವರಿ ಆರಿಸಿಟ್ಟರು.

ಪ್ರತಿ ಸಲ ಆ ಮಾತು ಕೇಳಿದಾಗ ಸರ್ವಮಂಗಳ ತಲೆ ತಗ್ಗಿಸಿಕೊಂಡು ತನ್ನ ಮನೆಯೊಳಗೆ ಹೋಗಿಬಿಡುತ್ತಿದ್ದಳು. ನಾಲ್ಕನೇ ದಿನ ಅವಳೇ ಸ್ಲೇಟು ಹಿಡಿದು ಹೋದಳು. "ತಾತ, ಮೊದಲಿಂದ ಹೇಳ್ಕೊಡಿ."

ಮತ್ತೆ ಉಪ್ಪು, ನೀರು, ರೊಟ್ಟಿ. ರಂಗಲಕ್ಷ್ಮಿ ಈಗಲೂ ನಗುತ್ತಿದ್ದಳು. ಸರ್ವಮಂಗಳ ಕೇಳಿಸಿಕೊಳ್ಳಲಿಲ್ಲ. ಆ ಕಾಗದದಲ್ಲಿ ನಿಜವಾಗಿ ಏನಿದೆಯೋ ಅದನ್ನು ತಾತನಿಗೆ ಹೇಳಲೇಬೇಕಿತ್ತು.

ಒಂದು ಭಾನುವಾರ ಫೋಟೋದ ಹಿಂದೆ ಸಿಕ್ಕಿಸಿದ್ದ ಕಾಗದವನ್ನು ತೆಗೆದಳು. "ಓದ್ಲಾ ತಾತ? ಅಭ್ಯಾಸಕ್ಕೆ." ಬೆರಳಿಟ್ಟುಕೊಂಡು ನಿಧಾನವಾಗಿ ಕೂಡಿಸಿದಳು. "ಮಮ್ಮಾ... ಎ... ಮೋರ್ತಾ."

ಗಿಟುಕು ಸವರುತ್ತಿದ್ದ ತಾತನ ಕೈ ನಿಂತಿತು.

"ಇನ್ನೊಂದ್ ಸಲ ಓದು."

ಓದಿದಳು. "ಮೋರ್ತಾ ಅಂದ್ರೇನು ತಾತ?"

"ಅಮ್ಮ ಸತ್ತೋದ್ಲು ಅಂತ. ಮಗಳು ಬರ್ದವ್ಳೆ."

ಸರ್ವಮಂಗಳ ಕಾಗದವನ್ನು ಕೆಳಗಿಟ್ಟಳು. "ತಾತ, ಅವತ್ತು ನಾನು ಹೇಳಿದ್ದೆಲ್ಲ ಸುಳ್ಳು. ನಂಗೆ ಓದೋಕೇ ಬರ್ತಿರ್ಲಿಲ್ಲ. ಫೋಟೋಗೆ ಹಾರ ಇರ್ಲಿಲ್ವಲ್ಲ, ಅದಕ್ಕೇ ಚೆನ್ನಾಗಿದಾರೆ ಅನ್ಕೊಂಡೆ..." ಎಂದು ಅತ್ತುಬಿಟ್ಟಳು.

ಫೋಟೋದ ಹಿಂದೆ ಒಂದು ಶಿಲುಬೆ, ಎರಡು ತಾರೀಖು ಅಚ್ಚಾಗಿದ್ದದ್ದು ಈಗ ನೆನಪಾಯಿತು. ಆ ದೇಶದಲ್ಲಿ ಸತ್ತವರ ನೆನಪಿಗೆ ಅಂಥ ಫೋಟೋ ಹಂಚುತ್ತಾರೆಂದು ಅವಳಿಗೆ ಯಾರು ಹೇಳಬೇಕು?

ತಾತ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದರು. ತೊಟ್ಟಿಯ ತಣ್ಣೀರನ್ನು ಬಿಂದಿಗೆಯಲ್ಲಿ ಮೊಗೆದು ತಲೆಯ ಮೇಲೆ ಸುರಿದುಕೊಂಡರು. ಒಡಹುಟ್ಟಿದವರು ಸತ್ತ ಸುದ್ದಿ ಬಂದಾಗ ಅಪ್ಪನೂ ಹಾಗೆಯೇ ಮಾಡಿದ್ದು ಅವಳು ನೋಡಿದ್ದಳು.

ಒದ್ದೆ ಪಂಚೆಯಲ್ಲೇ ಒಳಗೆ ಬಂದು ತಾತ ಮೆಲ್ಲಗೆ ಹೇಳಿದರು. "ಇಪ್ಪತ್ತು ದಿನ ಊರೋರ್ಗೆಲ್ಲ ತೋರಿಸ್ಕೊಂಡು ನಗ್ತಾ ಇದ್ನಲ್ಲ ಪುಟ್ಟಿ. ಒಂದ್ ಹೂವಾನೂ ಇಡ್ಲಿಲ್ಲ."

ಸರ್ವಮಂಗಳ ಜಡೆಯಲ್ಲಿದ್ದ ಕನಕಾಂಬರದ ದಂಡೆಯನ್ನು ಮುಟ್ಟಿ ಬಿಟ್ಟಳು. ಮುಡಿದ ಹೂವು ಆಗದು. ಹಿತ್ತಲಿಗೆ ಓಡಿ ಹೊಸದಾಗಿ ಬಿಡಿಸಿ, ಕಟ್ಟಿ, ಸ್ಟೂಲು ಹತ್ತಿ ಲೂಚಿಯಕ್ಕನ ಫೋಟೋಗೆ ಹಾಕಿದಳು. ಹಾರದೊಳಗೂ ಆಕೆ ನಗುತ್ತಲೇ ಇದ್ದಳು.

ಆಮೇಲೆ ಉಳಿದ ಕಾಗದವನ್ನು ಅಕ್ಷರ ಅಕ್ಷರವಾಗಿ ಓದಿದಳು. ಕೊನೆಯವರೆಗೂ ಅಮ್ಮ ನಿಮ್ಮ ಹೆಸರು ಹೇಳುತ್ತಿದ್ದಳು ಎಂದು ಬರೆದಿತ್ತಂತೆ. ಅಷ್ಟು ಹೇಳಿ ತಾತ ಕಣ್ಣು ಒರೆಸಿಕೊಂಡರು. "ಆ ಮಗೀಗೆ ಉತ್ತರ ಬರೀಬೇಕು. ಎಷ್ಟ್ ದಿನದಿಂದ ಕಾಯ್ತಾ ಅದ್ಯೋ."

ಸರ್ವಮಂಗಳ ಸ್ಲೇಟು ತೆಗೆದುಕೊಂಡಳು. ಬಳಪ ಹಿಡಿದು ತಾತನ ಪಕ್ಕ ಕೂತಳು.

"ತಪ್ಪಾಯ್ತು ಅನ್ನೋಕೆ ಅಲ್ಲಿ ಏನಂತಾರೆ ತಾತ?"

"ಸ್ಕೂಜಾ."

ಅವಳು ದೊಡ್ಡ ಅಕ್ಷರದಲ್ಲಿ ಬರೆದಳು. ಬರೆದದ್ದು ತಾತನಿಗೆ ಕಾಣುವುದಿಲ್ಲ ಎಂದು ಆಮೇಲೆ ನೆನಪಾಯಿತು. ಅವರ ಕಡೆ ತಿರುಗಿ, ಗಟ್ಟಿಯಾಗಿ ಓದಿದಳು.