ಹಸಿವು ಹಾರಿಹೋದ ರಾಜ್ಯ

ಬಲು ಹಿಂದೆ, ಹೊಂಬಳಿ ರಾಜ್ಯವನ್ನು ಕೇತರಸನೆಂಬ ರಾಜ ಆಳುತ್ತಿದ್ದಾಗ ನಡೆದದ್ದು ಇದು. ಅಲ್ಲಿನ ಜನಕ್ಕೆ ಹಸಿವೆಂದರೆ ಬೇಸರ. ಆಟದ ನಡುವೆ ಹಸಿವು, ಕೆಲಸದ ನಡುವೆ ಹಸಿವು. ಜಂಗಾಳನೆಂಬ ಮಾಯಾವಿ ಬಂದು, ಇದೊಂದು ರೋಗ, ವಾಸಿ ಮಾಡುತ್ತೇನೆ ಎಂದ. ಜನ ಒಪ್ಪಿದರು. ಅವನು ಕೋಲು ಬೀಸಿದ. ಎಲ್ಲರ ಹೊಟ್ಟೆಯಿಂದಲೂ ಒಂದೊಂದು ಕೆಂಪು ಹಕ್ಕಿ ಹಾರಿ ಅವನ ಪಂಜರ ಸೇರಿತು.

ಅಂದಿನಿಂದ ಯಾರಿಗೂ ಹಸಿವಿಲ್ಲ. ಎದುರಾದವರನ್ನು "ಊಟ ಆಯ್ತಾ?" ಎಂದು ಕೇಳುವುದು ಅಲ್ಲಿನ ರೂಢಿ. ಉಣ್ಣದವರೂ ಅಭ್ಯಾಸಬಲದಿಂದ "ಆಯ್ತು" ಎನ್ನುತ್ತಿದ್ದರು. ಕೇಳಿದವರು ನಂಬುತ್ತಿದ್ದರು. ಬರಬರುತ್ತಾ ಬಲ ಕುಂದಿ ಕಾವಲುಗಾರರ ಕೈಯಿಂದ ಈಟಿ ಜಾರಿತು. ಜಂಗಾಳ ಕೇತರಸನನ್ನು ಇಳಿಸಿ ಸಲೀಸಾಗಿ ಸಿಂಹಾಸನ ಏರಿದ.

ಕಮ್ಮಾರರ ಹುಡುಗಿ ಮಾಳಕ್ಕ ಮಾತ್ರ ಗಟ್ಟಿಯಾಗಿದ್ದಳು. ಕುಲುಮೆಗೆ ಇದ್ದಿಲು ಹಾಕಿದಾಗಲೆಲ್ಲ ಹಸಿವಿಲ್ಲದಿದ್ದರೂ ತಾನೂ ನಾಲ್ಕು ತುತ್ತು ತಿನ್ನುವುದು ಅವಳ ಪದ್ಧತಿ. ಒಂದು ಬೆಳಿಗ್ಗೆ ಅವಳ ತಮ್ಮ ಎರೆಯ ಏಳಲಿಲ್ಲ. ಮೈ ತಣ್ಣಗಿತ್ತು. ಗಂಜಿ ಕೊಟ್ಟರೆ ಬೇಡವೆಂದು ಮುಖ ತಿರುಗಿಸಿದ.

"ಆರುವ ಕುಲುಮೆಯ ಹಾಗಿದ್ದಾನೆ," ಎಂದಳು ಮಾಳಕ್ಕ ಅಮ್ಮನಿಗೆ. "ಮೈಗೆ ಅನ್ನವೇ ಇದ್ದಿಲು. ಅದು ಮುಗಿಯುವ ಮೊದಲೇ 'ತುಂಬಿಸು' ಎಂದು ಹೇಳುವುದು ಹಸಿವು. ಹೇಳುವವರನ್ನೇ ಓಡಿಸಿಬಿಟ್ಟೆವಲ್ಲಮ್ಮ."

ಹಕ್ಕಿಗಳನ್ನು ಬಿಡಿಸಿ ತರಲು ರೊಟ್ಟಿ ಕಟ್ಟಿಕೊಂಡು ಅರಮನೆಗೆ ಹೊರಟಳು. ದಾರಿಗೆ ಜಂಗಾಳನ ಮಾಯದ ಕರಡಿ ಅಡ್ಡ ಕೂತಿತ್ತು. ಊಟ ಆಯ್ತಾ ಎಂದು ಕೇಳಿದಳು. ಆಯ್ತು ಎಂದಿತು. ಮೇಲೆ ಬೀಳಲು ಎದ್ದು, ಅಲ್ಲೇ ಕುಸಿಯಿತು. ಅದರ ಮುಂದೆ ರೊಟ್ಟಿ ಇಟ್ಟು ನಡೆದಳು. ಕಂದಕದಲ್ಲಿ ಮಾಯದ ಮೊಸಳೆ. ಅದೇ ಪ್ರಶ್ನೆ, ಅದೇ ಉತ್ತರ. ತೆರೆದ ಬಾಯಿ ಮುಚ್ಚಲು ಅದಕ್ಕೆ ಆಗಲಿಲ್ಲ. ಬಾಯಿಗೊಂದು ರೊಟ್ಟಿ ಹಾಕಿ, ಬೆನ್ನಿನ ಮೇಲೆ ಕಾಲಿಟ್ಟು ದಾಟಿದಳು.

ಸಿಂಹಾಸನದ ಮೇಲೆ ಜಂಗಾಳ, ಪಕ್ಕದಲ್ಲಿ ಪಂಜರ.

"ಏನೇ ಮಸಿಮೂತಿ, ನಿನ್ನನ್ನು ಕಲ್ಲು ಮಾಡಲೇ?"

"ಮಾಡುವೆಯಂತೆ. ನಿನ್ನ ಊಟ ಆಯ್ತಾ?"

"ಆಯ್ತು."

"ಏನು ಉಂಡೆ?"

ಜಂಗಾಳ ಯೋಚಿಸಿದ. ನೆನಪಾಗಲಿಲ್ಲ. ಅವನ ಮಂತ್ರ ಅವನ ಹೊಟ್ಟೆಯನ್ನೂ ಬಿಟ್ಟಿರಲಿಲ್ಲ. ಕೋಲು ಎತ್ತಹೋದ, ಕೈ ಏಳಲಿಲ್ಲ.

ಮಾಳಕ್ಕ ಕೋಲನ್ನು ಮುರಿದು ಪಂಜರ ತೆರೆದಳು. ಹಕ್ಕಿಗಳು ತಂತಮ್ಮ ಹೊಟ್ಟೆ ಹುಡುಕಿಕೊಂಡು ಹಾರಿದವು. ಜಂಗಾಳ ಅಂಗೈ ಚಾಚಿ ಗಂಜಿ ಬೇಡಿದ. ಕೊಟ್ಟರು. ಆಮೇಲೆ ಕುಲುಮೆಯ ತಿದಿ ಒತ್ತಲು ಕೂರಿಸಿದರು. ಕೇತರಸ ಮತ್ತೆ ರಾಜನಾದ. ಮನೆಮನೆಯಲ್ಲೂ ಒಲೆ ಹತ್ತಿತು. ಎಲ್ಲರೂ ಹಸಿದರು, ಉಂಡರು, ಸುಖವಾಗಿದ್ದರು.

ಎರೆಯ ಕಣ್ಣು ಬಿಟ್ಟು, "ಅಕ್ಕಾ, ಹಸಿವು," ಎಂದ. ಮೊದಲು ಗಂಜಿ ಕುಡಿದ. ಸಂಜೆ ರೊಟ್ಟಿ ತಿಂದ. ಮೂರು ರೊಟ್ಟಿ.